ಹೊಗೆ ಕೊಳವೆಗೂ ಒಂದು ಟೋಪಿ ಬೇಕು

ಕೇರಳದಲ್ಲಿ ಬಾಡಿಗೆ ಮನೆ ನೋಡಲು ಹೋದರೆ ಅಡುಗೆಮನೆಯನ್ನು ಎರಡೆರಡು ತೋರಿಸುತ್ತಾರೆ. ಮೊದಲನೆಯದರಲ್ಲಿ ಗ್ರಾನೈಟ್ ಕಟ್ಟೆ, ಗ್ಯಾಸ್ ಒಲೆ, ಅದರ ಮೇಲೆ ಹೊಳೆಯುವ ವಿದ್ಯುತ್ ಚಿಮಣಿ. ಅದರ ಹಿಂಬಾಗಿಲು ತೆರೆದರೆ ‘ವರ್ಕ್ ಏರಿಯಾ’. ಅಲ್ಲೊಂದು ಕಟ್ಟಿಗೆ ಒಲೆ, ಪಕ್ಕದಲ್ಲಿ ತೆಂಗಿನ ಕರಟ, ಸಿಪ್ಪೆ, ಒಣಗಿದ ಗರಿಗಳ ರಾಶಿ. ಒಲೆಯ ಹಿಂದಿನಿಂದ ಹೊರಟ ಕೊಳವೆಯೊಂದು ಗೋಡೆಯೊಳಗೆ ಹೊಕ್ಕು ತಾರಸಿಯ ಮೇಲೆ ತಲೆ ಎತ್ತಿರುತ್ತದೆ. ಕೊಚ್ಚಿಯ ಕಾಕ್ಕನಾಡಿನ ಇನ್ಫೋಪಾರ್ಕ್ ಸುತ್ತ ಇರುವ ಬಿಡಿ ಮನೆಗಳಲ್ಲೂ, ತಿರುವನಂತಪುರದ ಟೆಕ್ನೋಪಾರ್ಕ್ ಬಳಿಯ ಕಳಕ್ಕೂಟ್ಟಂನಲ್ಲೂ ಈ ಜೋಡಿ ಅಡುಗೆಮನೆ ಸಾಮಾನ್ಯ.

ಗ್ಯಾಸ್ ಇದ್ದ ಮೇಲೂ ಕಟ್ಟಿಗೆ ಒಲೆ ಯಾಕೆ ಎಂದು ಬೆಂಗಳೂರು ಕಡೆಯಿಂದ ಬಂದವರಿಗೆ ಅನ್ನಿಸಬಹುದು. ಮಂಗಳೂರು, ಉಡುಪಿ ಕಡೆಯವರಿಗೆ ಹೇಳಬೇಕಾಗಿಲ್ಲ. ಇಲ್ಲಿನ ಮಟ್ಟ ಅಕ್ಕಿ ನಮ್ಮ ಕರಾವಳಿಯ ಕುಚ್ಚಲಕ್ಕಿಯ ಹಾಗೆಯೇ ಬೇಗ ಬೇಯುವ ಜಾತಿಯಲ್ಲ. ಮರಗೆಣಸು ಬೇಯಿಸಲು, ಮಣ್ಣಿನ ಚಟ್ಟಿಯಲ್ಲಿ ಮೀನು ಸಾರು ಕುದಿಸಲು, ಸ್ನಾನಕ್ಕೆ ನೀರು ಕಾಯಿಸಲು ಹಿತ್ತಲಿನ ತೆಂಗಿನ ಮರವೇ ಪುಕ್ಕಟೆ ಇಂಧನ ಕೊಡುವಾಗ ಸಿಲಿಂಡರ್ ಖಾಲಿ ಮಾಡುವವರು ಯಾರು?

ಕಟ್ಟಡ ನಿರ್ವಹಣೆಯ ಕೆಲಸದಲ್ಲಿ ಮೊದಲು ತಿರುವನಂತಪುರದಲ್ಲಿ, ಈಗ ಕೊಚ್ಚಿಯಲ್ಲಿ ಇರುವ ನಾನು ತಾರಸಿ ಹತ್ತಿದಾಗಲೆಲ್ಲ ಮೊದಲು ನೋಡುವುದು ಆ ಕೊಳವೆಯ ತುದಿಯನ್ನು. ಅರ್ಧಕ್ಕರ್ಧ ಮನೆಗಳಲ್ಲಿ ಅದು ಬರಿತಲೆಯಲ್ಲಿರುತ್ತದೆ. ಕೆಲವದರ ಟೋಪಿ ಮುರಿದು ನೇತಾಡುತ್ತಿರುತ್ತದೆ. ಕನ್ನಡದಲ್ಲಿ ‘ಟೋಪಿ ಹಾಕುವುದು’ ಎಂದರೆ ಮೋಸ ಮಾಡುವುದು. ಹೊಗೆ ಕೊಳವೆಯ ವಿಷಯದಲ್ಲಿ ಮಾತ್ರ ಟೋಪಿ ಹಾಕದಿದ್ದರೇ ಮೋಸ.

ಮಲಯಾಳದಲ್ಲಿ ಚಿಮಣಿಗೆ ‘ಪುಗಕ್ಕುಳಲ್’ ಎನ್ನುತ್ತಾರೆ. ಪುಗ ಎಂದರೆ ನಮ್ಮ ಹೊಗೆ, ಕುಳಲ್ ಎಂದರೆ ನಮ್ಮ ಕೊಳಲು. ಟೋಪಿಗೆ ಅವರಲ್ಲಿ ‘ತೊಪ್ಪಿ’. ಹಾಗಾಗಿ ಗಾರೆ ಕೆಲಸದವರ ಹತ್ತಿರ ಈ ಕೆಲಸ ಹೇಳಲು ಮಲಯಾಳ ಬರದಿದ್ದರೂ ಅಡ್ಡಿಯಿಲ್ಲ.

ಹಂಚಿನಿಂದ ಕೊಳವೆಗೆ

ನಮ್ಮ ಅಜ್ಜಿಯಂದಿರ ಅಡುಗೆಮನೆಗೆ ಚಿಮಣಿ ಇರಲಿಲ್ಲ. ಮಂಗಳೂರು ಹಂಚಿನ ಸಂದುಗಳಲ್ಲಿ ಹೊಗೆ ತಾನೇ ಸೋಸಿಹೋಗುತ್ತಿತ್ತು. ಹೋಗುವ ದಾರಿಯಲ್ಲಿ ಅಟ್ಟದ ಮೇಲಿನ ಅಡಿಕೆ, ಕಾಳುಮೆಣಸು, ಸೌದೆಯನ್ನು ಒಣಗಿಸುತ್ತಿತ್ತು. ಹೆಂಗಸರ ಕಣ್ಣು, ಶ್ವಾಸಕೋಶಕ್ಕೆ ಅದರಿಂದ ಆದ ಹಾನಿಯನ್ನು ಮಾತ್ರ ಯಾರೂ ಲೆಕ್ಕ ಇಡಲಿಲ್ಲ. ಮನೆಯೊಳಗಿನ ಹೊಗೆಯ ಮಾಲಿನ್ಯದಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಕಾಂಕ್ರೀಟ್ ತಾರಸಿ ಬಂದಾಗ ಹಂಚಿನ ಸಂದುಗಳು ಮಾಯವಾದವು. ಹೊಗೆಗೆ ಬೇರೆ ದಾರಿ ಬೇಕಾಯಿತು. ಇಲ್ಲಿ ಕನ್ನಡನಾಡಿಗೆ ಒಂದು ಪಾತ್ರವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಹಳ್ಳಿಗಳಿಗೆಂದು ರೂಪಿಸಿದ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಹಲವರು ಊರಿನಲ್ಲಿ ಕಂಡಿರುತ್ತೀರಿ. ಕಡಿಮೆ ಸೌದೆ, ಮೂರು ಪಾತ್ರೆ, ಹಿಂದೆ ಒಂದು ಕೊಳವೆ. ಕೇಂದ್ರ ಸರ್ಕಾರದ ಸುಧಾರಿತ ಒಲೆ ಯೋಜನೆ 1983ರಲ್ಲಿ ಆರಂಭವಾಗಿ ಸುಮಾರು ಎರಡು ದಶಕ ನಡೆಯಿತು. ಕೇರಳದ ‘ಹೊಗೆಯಿಲ್ಲದ ಅಡುಪ್ಪು’ ಕೂಡ ಇದೇ ಬಳಗದ್ದು. ಒಲೆ ಕಟ್ಟಿದವರು ಕೊಳವೆಯ ತುದಿಗೆ ಟೋಪಿಯನ್ನೂ ಕೂರಿಸಿ ಹೋಗುತ್ತಿದ್ದರು. ಆದರೆ ಟೋಪಿ ಮುರಿದು ಬಿದ್ದಾಗ ಮತ್ತೆ ಹಾಕುವವರು ಕಡಿಮೆ. ಒಲೆ ಕಣ್ಣಿಗೆ ಕಾಣುತ್ತದೆ, ತಾರಸಿಯ ಮೇಲಿನ ತುದಿ ಕಾಣುವುದಿಲ್ಲ.

ಒಂದು ಕೊಳವೆ, 50 ಲೀಟರ್ ನೀರು

ಮಳೆಯ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಆರು ಇಂಚು ಅಗಲದ ಬಾಯಿ ತೆರೆದ ಕೊಳವೆಯೊಳಗೆ ನೇರವಾಗಿ ಬೀಳುವ ನೀರು ವರ್ಷಕ್ಕೆ 50 ಲೀಟರ್ ದಾಟುತ್ತದೆ. ಸುಮಾರು 1,800 ಮಿ.ಮೀ. ಮಳೆ ಬೀಳುವ ತಿರುವನಂತಪುರದಲ್ಲಿ 30 ಲೀಟರ್‌ಗಿಂತ ಹೆಚ್ಚು. ಬೆಂಗಳೂರಿನಲ್ಲಿ ಇದೇ ಕೊಳವೆಗೆ 17 ಲೀಟರ್ ಆಸುಪಾಸು. ಮನೆಯೊಳಗೆ ಎರಡು ಮೂರು ಕೊಡ ನೀರನ್ನು ಮಸಿಯ ಮೇಲೆ ಸುರಿದಂತೆ ಇದು.

ಮಸಿಗೆ ನೀರು ಸೇರಿದರೆ ಬರೀ ಕೊಳೆಯಾಗಿ ನಿಲ್ಲುವುದಿಲ್ಲ. ಕಟ್ಟಿಗೆ ಅರ್ಧಂಬರ್ಧ ಉರಿದಾಗ, ಅದರಲ್ಲೂ ಹಸಿ ಸಿಪ್ಪೆ ಹಾಕಿದಾಗ, ಹೊಗೆಯಲ್ಲಿ ಹುಳಿ ಗುಣದ ಆವಿ ಮತ್ತು ಟಾರಿನಂಥ ಜಿಗುಟು ಇರುತ್ತವೆ. ಇವು ತಣ್ಣಗಿನ ಕೊಳವೆಗೆ ಅಂಟುತ್ತವೆ. ನೀರು ಸೇರಿದಾಗ ತಗಡಿನ ಕೊಳವೆ ತುಕ್ಕು ಹಿಡಿಯುತ್ತದೆ, ಇಟ್ಟಿಗೆಯ ಗಾರೆ ಸಡಿಲವಾಗುತ್ತದೆ, ಒಲೆಯ ಬುಡದಲ್ಲಿ ಬೂದಿ ಕೆಸರಾಗಿ ಗಟ್ಟಿಯಾಗುತ್ತದೆ. ಅಡುಗೆಮನೆಯ ಬಿಳಿ ಗೋಡೆಯ ಮೇಲೆ ಕಾಫಿ ಬಣ್ಣದ ಕಲೆ ಇಳಿದುಬಂದರೆ ಎಷ್ಟೋ ಜನ ತಾರಸಿ ಸೋರುತ್ತಿದೆ ಎಂದು ಸಾವಿರಾರು ರೂಪಾಯಿ ಕೊಟ್ಟು ವಾಟರ್‌ಪ್ರೂಫಿಂಗ್ ಮಾಡಿಸುತ್ತಾರೆ. ಸೋರುತ್ತಿರುವುದು ತಾರಸಿಯಲ್ಲ, ಟೋಪಿಯಿಲ್ಲದ ಕೊಳವೆ.

ಕೊಳವೆಯ ಒಳಗಿನ ಬಾಡಿಗೆದಾರರು

ಮಳೆಗಿಂತ ದೊಡ್ಡ ಅಪಾಯ ಬೇಸಿಗೆ ರಜೆಯಲ್ಲಿ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಂಥವರು ಮನೆಗೆ ಬೀಗ ಹಾಕಿ ಊರಿಗೆ ಹೋಗುತ್ತೇವೆ. ಅದೇ ಹೊತ್ತಿಗೆ ಮೈನಾ, ಮಡಿವಾಳ ಹಕ್ಕಿಗಳು ಗೂಡಿಗೆ ಪೊಟರೆ ಹುಡುಕುತ್ತವೆ. ಒಲೆ ಉರಿಯದ ಕೊಳವೆ ಅವುಗಳ ಕಣ್ಣಿಗೆ ಒಳ್ಳೆಯ ಪೊಟರೆ.

ತೃಪ್ಪೂಣಿತುರದಲ್ಲಿ ಬಾಡಿಗೆಗಿದ್ದ ಹಾಸನದ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಆದದ್ದು ಇದೇ. ಜೂನ್ ಮೊದಲ ವಾರ ಜೋರು ಮಳೆ. ಊರಿನಿಂದ ಬಂದಿದ್ದ ಅವರ ತಾಯಿ ಕಿಟಕಿ, ಬಾಗಿಲು ಮುಚ್ಚಿಕೊಂಡು ಸ್ನಾನದ ನೀರಿಗೆಂದು ಒಲೆ ಹಚ್ಚಿದರು. ಮೊದಲು ಸ್ವಲ್ಪ ಹೊಗೆ ಬಂತು. ಆಮೇಲೆ ಸೌದೆ ಕೆಂಡವಾಗಿ ಹೊಗೆ ನಿಂತಿತು. ಸರಿಹೋಯಿತು ಎಂದುಕೊಂಡು ಅಲ್ಲೇ ಕುಳಿತು ತರಕಾರಿ ಹೆಚ್ಚುತ್ತಿದ್ದವರಿಗೆ ತಲೆ ಸಿಡಿಯತೊಡಗಿತು, ವಾಂತಿ ಬಂದಂತಾಯಿತು. ಸೊಸೆ ಬಂದು ಬಾಗಿಲು ತೆರೆದು ಹೊರಗೆ ಕೂರಿಸಿದ್ದರಿಂದ ಸುಧಾರಿಸಿಕೊಂಡರು. ಮರುದಿನ ಕೊಳವೆಯಿಂದ ಹೊರಬಂದದ್ದು ಒಂದು ಬಕೆಟ್ ಒಣಹುಲ್ಲು, ಕಡ್ಡಿ, ಪ್ಲಾಸ್ಟಿಕ್ ದಾರ. ಅದರಡಿ ಮಸಿಯ ಕೆಸರು. ಕೊಳವೆಗೆ ಟೋಪಿ ಇರಲಿಲ್ಲ. ಇಷ್ಟು ವರ್ಷ ಹಾಗೇ ನಡೆದಿದೆಯಲ್ಲ ಎಂಬುದು ಮನೆ ಮಾಲೀಕರ ಉತ್ತರವಾಗಿತ್ತು.

ಈ ಘಟನೆಯಲ್ಲಿ ನೆನಪಿಡಬೇಕಾದದ್ದು ‘ಹೊಗೆ ನಿಂತಿತು’ ಎಂಬ ಮಾತು. ಕಣ್ಣು ಉರಿಸುವ ಹೊಗೆ ಎಚ್ಚರಿಕೆಯನ್ನಾದರೂ ಕೊಡುತ್ತದೆ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಅದರ ಮೊದಲ ಲಕ್ಷಣಗಳು. ಪಿತ್ತ ಜಾಸ್ತಿಯಾಗಿದೆ ಎಂದುಕೊಂಡು ಅಲ್ಲೇ ಮಲಗಿಬಿಟ್ಟರೆ ಜೀವಕ್ಕೇ ಕುತ್ತು. ಒಲೆ ಉರಿಯುವಾಗ ಹೀಗೆ ಅನ್ನಿಸಿದರೆ ಮೊದಲು ಹೊರಗೆ ಬನ್ನಿ, ಬಾಗಿಲು ತೆರೆದಿಡಿ, ಆಸ್ಪತ್ರೆಗೆ ಹೋಗಿ, ಒಲೆ ಉರಿಯುತ್ತಿತ್ತು ಎಂಬುದನ್ನು ವೈದ್ಯರಿಗೆ ಹೇಳಿ.

ಹಕ್ಕಿಗಳ ಜೊತೆಗೆ ಇಲಿ, ಮರಪಟ್ಟಿಗಳ ಕಾಟವೂ ಇದೆ. ಮರಪಟ್ಟಿ ಎಂದರೆ ನಮ್ಮ ಪುನುಗು ಬೆಕ್ಕಿನ ಬಳಗದ ಪ್ರಾಣಿ. ತಿರುವನಂತಪುರದಲ್ಲಿ ಮಂತ್ರಿಗಳ ಬಂಗಲೆಗಳನ್ನೂ ಅದು ಬಿಟ್ಟಿಲ್ಲ. ಇಸ್ತ್ರಿ ಮಾಡಿದ ಅಂಗಿ ಇಟ್ಟರೆ ಮೇಲಿನಿಂದ ಅದರ ಮೂತ್ರ ಬೀಳುತ್ತದೆ ಎಂದು ಆಗ ಮುಖ್ಯಮಂತ್ರಿಯಾಗಿದ್ದ ಪಿಣರಾಯಿ ವಿಜಯನ್ ಅವರೇ 2024ರಲ್ಲಿ ಸಭೆಯೊಂದರಲ್ಲಿ ಹೇಳಿಕೊಂಡಿದ್ದರು. ಹಂಚಿನ ಮನೆಗಳಲ್ಲಿ ಅದಕ್ಕೆ ಅನುಕೂಲವಾಗುವುದು ಕೊಳವೆಗಿಂತ ಹೆಚ್ಚಾಗಿ ಕೊಳವೆ ಮತ್ತು ಮಾಡಿನ ನಡುವೆ ಬಿಟ್ಟ ಸಂದು. ಟೋಪಿ ಹಾಕಿಸುವ ದಿನವೇ ಆ ಸಂದನ್ನೂ ತಗಡಿನಿಂದ ಮುಚ್ಚಿಸಿ. ಅದಕ್ಕೂ ಮೊದಲು ಒಳಗೆ ಪ್ರಾಣಿ, ಮರಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಅದು ಕಾನೂನಿನ ರಕ್ಷಣೆ ಇರುವ ವನ್ಯಜೀವಿ. ಒಳಗೆ ಸಿಕ್ಕಿಕೊಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಹಾಗೆಯೇ ಕೊಳವೆಯಲ್ಲಿ ಮೊಟ್ಟೆ, ಮರಿ ಇದ್ದರೆ ಅವು ಹಾರಿಹೋಗುವವರೆಗೆ ಆ ಒಲೆ ಹಚ್ಚಬೇಡಿ.

ತಪ್ಪು ಟೋಪಿಯೂ ಕೆಟ್ಟದ್ದೇ

ಟೋಪಿ ಬೇಕು ಎಂದ ಕೂಡಲೇ ಕೆಲವರು ಬಣ್ಣದ ಡಬ್ಬಿ ಕವುಚಿ ಹಾಕುತ್ತಾರೆ, ಇನ್ನು ಕೆಲವರು ಸೊಳ್ಳೆ ಪರದೆಯ ಜಾಲರಿ ಸುತ್ತಿ ಕಟ್ಟುತ್ತಾರೆ. ಇದರಿಂದ ಮಳೆ ನಿಲ್ಲುತ್ತದೆ, ಹೊಗೆಯೂ ನಿಲ್ಲುತ್ತದೆ.

ಚಿಮಣಿಗೆ ಹೊಗೆಯನ್ನು ಎಳೆಯುವ ಯಂತ್ರವಿಲ್ಲ. ಬಿಸಿ ಗಾಳಿ ಹಗುರ, ಅದು ಮೇಲೇರುತ್ತದೆ, ಅಷ್ಟೇ. ಮೂರು ಮೀಟರ್ ಎತ್ತರದ ಕೊಳವೆಯಲ್ಲಿ ಹೊಗೆ ಸರಾಸರಿ 150 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೂ ಹುಟ್ಟುವ ಎಳೆತ ಸುಮಾರು 10 ಪ್ಯಾಸ್ಕಲ್. ತಟ್ಟೆಯಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ತಟ್ಟೆಯ ಮೇಲೆ ಬೀಳುವ ಒತ್ತಡ ಎಷ್ಟೋ ಅಷ್ಟು. ಇಷ್ಟು ಬಡಪಾಯಿ ಬಲಕ್ಕೆ ಅಡ್ಡಿ ಮಾಡಲು ಮಸಿ ಕಟ್ಟಿದ ಒಂದು ಜಾಲರಿ ಸಾಕು.

ಹಾಗಾದರೆ ಸರಿಯಾದ ಟೋಪಿ ಹೇಗಿರಬೇಕು? ಕೊಳವೆಯ ಬಾಯಿ ಮತ್ತು ಟೋಪಿಯ ನಡುವೆ ಸುತ್ತಲೂ ತೆರೆದ ಜಾಗ ಇರಬೇಕು. ಲೆಕ್ಕದ ಪ್ರಕಾರ ಕೊಳವೆಯ ಅಗಲದ ಕಾಲು ಭಾಗದಷ್ಟು ಎತ್ತರ ಬಿಟ್ಟರೆ ಹೊಗೆಗೆ ಕೊಳವೆಯಷ್ಟೇ ಜಾಗ ಸಿಗುತ್ತದೆ. ಆದರೆ ಮಸಿ ಕಟ್ಟುವುದನ್ನೂ ಎಣಿಸಿ ಅರ್ಧದಷ್ಟಾದರೂ ಬಿಡುವುದು ಒಳ್ಳೆಯದು. ಆರು ಇಂಚಿನ ಕೊಳವೆಗೆ ಮೂರು ಇಂಚು. ಟೋಪಿಯ ಅಗಲ ಕೊಳವೆಯ ಎರಡರಷ್ಟಿದ್ದರೆ ಓರೆಯಾಗಿ ಬಡಿಯುವ ಮಳೆಯನ್ನೂ ಬಹುಮಟ್ಟಿಗೆ ತಡೆಯುತ್ತದೆ. ಸುತ್ತ ಹಾಕುವ ಜಾಲರಿಯ ಕಣ್ಣು ಅರ್ಧ ಇಂಚಿನಿಂದ ಮುಕ್ಕಾಲು ಇಂಚು ಇರಲಿ. ಹಕ್ಕಿ ಒಳಬರುವುದಿಲ್ಲ, ಮಸಿ ಬೇಗ ಕಟ್ಟುವುದಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿದರೆ ಟೋಪಿ ಕೈಗೆ ಬರುವಂತಿರಬೇಕು. ಸಿಮೆಂಟ್ ಮೆತ್ತಿ ಕೂರಿಸಿದರೆ ಕೊಳವೆ ಶುಚಿ ಮಾಡುವ ದಾರಿಯೇ ಮುಚ್ಚಿದಂತೆ.

ವೈಪಿನ್, ಫೋರ್ಟ್ ಕೊಚ್ಚಿ, ಶಂಖುಮುಖಂ, ವೇಳಿ ಹೀಗೆ ಕಡಲಿಗೆ ಹತ್ತಿರ ಇರುವವರು ತಗಡಿನ ಟೋಪಿಯನ್ನು ನಂಬಬೇಡಿ. ಉಪ್ಪುಗಾಳಿ ಅದನ್ನು ಬೇಗ ತಿಂದುಹಾಕುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ, ಕಡಲು ತೀರಾ ಹತ್ತಿರವಿದ್ದರೆ 316. ತಿರುವನಂತಪುರದ ಚಾಲೈ ಬಜಾರಿನಲ್ಲಿ ಅಥವಾ ಎರ್ನಾಕುಳಂ ಮಾರುಕಟ್ಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ. ಅಳತೆ ಕೊಟ್ಟರೆ ಹತ್ತಿರದ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡುತ್ತಾರೆ.

ಹಳೆಯ ಮನೆಯ ಕೊಳವೆ ಆಸ್‌ಬೆಸ್ಟಾಸ್ ಸಿಮೆಂಟಿನದಾಗಿದ್ದರೆ ಅದನ್ನು ಕೊರೆಯುವುದು, ಗರಗಸದಲ್ಲಿ ಕೊಯ್ಯುವುದು ಬೇಡ. ಅದರ ದೂಳು ಶ್ವಾಸಕೋಶಕ್ಕೆ ಶತ್ರು. ಹೊರಗಿನಿಂದ ಪಟ್ಟಿ ಬಿಗಿದು ನಿಲ್ಲುವ ಟೋಪಿ ಹಾಕಿಸಿ. ಬಿರುಕು ಬಿಟ್ಟಿದ್ದರೆ ಇಡೀ ಕೊಳವೆಯನ್ನು ತಿಳಿದವರಿಂದ ಬದಲಾಯಿಸಿ.

ಶೀಟ್ ಮಾಡಿನ ಕೆಳಗೆ ಸಿಕ್ಕ ಹೊಗೆ

ತಿರುವನಂತಪುರದಲ್ಲಿ ನಾನು ಹೆಚ್ಚಾಗಿ ಕಂಡ ತೊಂದರೆ ಬೇರೆಯದು. ಕಾಂಕ್ರೀಟ್ ತಾರಸಿ ಸೋರದಿರಲಿ, ಬಟ್ಟೆ ಒಣಗಲು ಜಾಗವಾಗಲಿ ಎಂದು ಕೇರಳದವರು ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಬಣ್ಣದ ಶೀಟ್ ಹೊದಿಸುತ್ತಾರೆ. ಮೊದಲು ಆಕಾಶ ನೋಡುತ್ತಿದ್ದ ಚಿಮಣಿ ಈಗ ಶೀಟಿನ ಕೆಳಗೆ! ಇನ್ನು ಮಳೆ ಬೀಳುವುದಿಲ್ಲವಲ್ಲ, ಟೋಪಿ ಯಾಕೆ ಎಂದು ಅದನ್ನು ಕಿತ್ತುಬಿಡುತ್ತಾರೆ. ಹೊಗೆ ಶೀಟಿಗೆ ಬಡಿದು ಕೆಳಗಿಳಿಯುತ್ತದೆ. ಒಣಹಾಕಿದ ಬಟ್ಟೆಗೆ, ಮೇಲಿನ ಮಲಗುವ ಕೋಣೆಗೆ ಹೊಗೆಯ ವಾಸನೆ. ನೆರಳು ಸಿಕ್ಕ ಹಕ್ಕಿ, ಇಲಿಗಳಿಗೆ ಇನ್ನೂ ಆರಾಮ.

ಇಂಥ ಮನೆಗಳಲ್ಲಿ ಕೊಳವೆಯನ್ನು ಶೀಟಿನ ಮೇಲಕ್ಕೆ ಎತ್ತರಿಸಿ, ಅದು ಹೊರಡುವ ಜಾಗಕ್ಕೆ ತಗಡಿನ ಪಟ್ಟಿ ಕೂರಿಸಿ, ಆಮೇಲೆ ಟೋಪಿ ಹಾಕಬೇಕು. ಅಮೆರಿಕದಲ್ಲಿ ಒಂದು ನಿಯಮ ಬಳಕೆಯಲ್ಲಿದೆ: ಚಿಮಣಿಯ ತುದಿ ಮಾಡಿನಿಂದ ಹೊರಬರುವ ಜಾಗಕ್ಕಿಂತ ಕನಿಷ್ಠ ಮೂರು ಅಡಿ ಮೇಲಿರಬೇಕು, ಹತ್ತು ಅಡಿಯೊಳಗಿನ ಮಾಡಿನ ಯಾವುದೇ ಭಾಗಕ್ಕಿಂತ ಎರಡು ಅಡಿ ಎತ್ತರವಿರಬೇಕು. ನಮ್ಮ ಮನೆಗಳಿಗೂ ಇದು ಒಳ್ಳೆಯ ಅಳತೆಗೋಲು. ತುದಿ ತಗ್ಗಿನಲ್ಲಿದ್ದರೆ ಮಾಡಿನ ಮೇಲೆ ಹೊರಳುವ ಗಾಳಿ ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ.

ಫ್ಲ್ಯಾಟ್‌ನವರಿಗೂ ಪಾಲಿದೆ

‘ನಮ್ಮದು ಹತ್ತನೇ ಮಹಡಿ, ಕಟ್ಟಿಗೆ ಒಲೆ ಇಲ್ಲ’ ಎನ್ನುವವರು ಗ್ಯಾಸ್ ಒಲೆಯ ಮೇಲಿನ ವಿದ್ಯುತ್ ಚಿಮಣಿಯ ಕೊಳವೆ ಹೊರಗೋಡೆಯಲ್ಲಿ ಎಲ್ಲಿ ಕೊನೆಯಾಗುತ್ತದೆ ಎಂದು ಒಮ್ಮೆ ನೋಡಿ. ಬಾಯಿ ತೆರೆದಿದ್ದರೆ ಪಾರಿವಾಳಗಳಿಗೆ ಅದೇ ಮನೆ. ಗಾಳಿಮಳೆಗೆ ನೀರು ಒಳಬಂದು ಮೋಟಾರಿನವರೆಗೂ ಹೋಗಬಹುದು. ಒಳಗೆ ಎಣ್ಣೆಯ ಜಿಡ್ಡು, ಅದರ ಮೇಲೆ ಗೂಡಿನ ಒಣಕಡ್ಡಿ, ಕೆಳಗೆ ಬೆಂಕಿ. ಇದು ಒಳ್ಳೆಯ ಜೋಡಣೆಯಲ್ಲ.

ಇಲ್ಲಿಗೆ ಸಣ್ಣ ಕಣ್ಣಿನ ಜಾಲರಿ ಆಗದು. ಜಿಡ್ಡು ಹಿಡಿದು ಬೇಗ ಮುಚ್ಚಿಹೋಗುತ್ತದೆ. ಫ್ಯಾನ್ ತಿರುಗಿದಾಗ ತೆರೆದು, ನಿಂತಾಗ ತಾನೇ ಮುಚ್ಚಿಕೊಳ್ಳುವ ರೆಕ್ಕೆಗಳಿರುವ ಮುಚ್ಚಳ ಒಳ್ಳೆಯದು. ಹೊರಗೋಡೆಯ ಕೆಲಸಕ್ಕೆ ನಿವಾಸಿಗಳ ಸಂಘದ ಒಪ್ಪಿಗೆ ಪಡೆಯಿರಿ. ಕಿಟಕಿಯಿಂದ ಬಗ್ಗಿ ನೀವೇ ಕೂರಿಸುವ ಸಾಹಸ ಬೇಡ.

ಜೋಡಿ ಅಡುಗೆಮನೆ ಇರುವವರು ಮತ್ತೊಂದು ಸಂಗತಿ ಗಮನಿಸಬೇಕು. ಕಿಟಕಿಗಳೆಲ್ಲ ಮುಚ್ಚಿರುವಾಗ ವಿದ್ಯುತ್ ಚಿಮಣಿ ಜೋರಾಗಿ ತಿರುಗಿದರೆ ಮನೆಯೊಳಗಿನ ಗಾಳಿಯನ್ನು ಹೊರಗೆಳೆಯುತ್ತದೆ. ಆ ಜಾಗ ತುಂಬಲು ಹೊರಗಿನ ಗಾಳಿ ಕಟ್ಟಿಗೆ ಒಲೆಯ ಕೊಳವೆಯಲ್ಲಿ ಕೆಳಕ್ಕೆ ಇಳಿಯಬಹುದು, ಹೊಗೆಯನ್ನೂ ಜೊತೆಗೆ ತರಬಹುದು. ಒಂದು ಮಿಲಿಮೀಟರ್ ನೀರಿನಷ್ಟು ಬಲದ ಚಿಮಣಿ ಮೋಟಾರಿನ ಎದುರು ನಿಲ್ಲಲಾರದು. ಎರಡೂ ಒಟ್ಟಿಗೆ ನಡೆಯುವಾಗ ಒಂದು ಕಿಟಕಿ ತೆರೆದಿರಲಿ, ನಡುವಿನ ಬಾಗಿಲು ಮುಚ್ಚಿರಲಿ. ಇದನ್ನು ಯಾವ ಟೋಪಿಯೂ ಸರಿಪಡಿಸದು.

ವರ್ಷಕ್ಕೆ ಎರಡು ಸಲ

ಕೇರಳಕ್ಕೆ ಎರಡು ಮಳೆಗಾಲ. ಜೂನ್ ಆರಂಭದ ಇಡವಪ್ಪಾತಿ ಒಂದು, ಅಕ್ಟೋಬರ್–ನವೆಂಬರ್‌ನ ಗುಡುಗು ಸಹಿತ ತುಲಾವರ್ಷ ಇನ್ನೊಂದು. ಎರಡಕ್ಕೂ ಮೊದಲು, ಅಂದರೆ ಮೇ ಕೊನೆ ಮತ್ತು ಸೆಪ್ಟೆಂಬರ್ ಕೊನೆಗೆ, ಒಲೆ ಪೂರ್ತಿ ತಣ್ಣಗಿರುವ ದಿನ ಟೋಪಿ ಬಿಚ್ಚಿ ಜಾಲರಿ ಉಜ್ಜಿ, ಕೊಳವೆಯ ಒಳಗೆ ಉದ್ದ ಬ್ರಷ್ ಆಡಿಸಿ. ಶೀಟ್ ಮತ್ತು ಇಳಿಜಾರು ಮಾಡಿನ ಮೇಲೆ ಅಭ್ಯಾಸವಿರುವ ಕೆಲಸಗಾರರೇ ಹತ್ತಲಿ, ಅದೂ ಮಳೆಯಿಲ್ಲದ ದಿನ. ಇಲ್ಲಿನ ಕೂಲಿ ಟೋಪಿಯ ಬೆಲೆಗಿಂತ ದುಬಾರಿಯಾಗಬಹುದು. ಹಾಗಾಗಿ ತಾರಸಿಯ ಬೇರೆ ಸಣ್ಣಪುಟ್ಟ ಕೆಲಸವನ್ನೂ ಅದೇ ದಿನ ಮುಗಿಸಿಕೊಳ್ಳಿ.

ಬಾಡಿಗೆದಾರರು ಮನೆಗೆ ಬರುವ ಮುಂಚೆಯೇ ತಾರಸಿ ಹತ್ತಿ ನೋಡಿ, ಫೋಟೊ ತೆಗೆದು ಮಾಲೀಕರಿಗೆ ಕಳಿಸಿ. ‘ಚೇಟ್ಟಾ, ಪುಗಕ್ಕುಳಲಿಗೆ ತೊಪ್ಪಿ ಬೇಕು’ ಎಂದರೆ ಸಾಕು, ಯಾರಿಗೂ ಅರ್ಥವಾಗುತ್ತದೆ. ಮನೆ ಅವರದು, ಕೊಳವೆ ಅವರದು. ಆದರೆ ಒಳಗೆ ಉಸಿರಾಡುವವರು ನಾವು.

ಊರಿನಲ್ಲಿ ಸ್ವಂತ ಮನೆ ಇರುವವರಿಗೆ ಇನ್ನೊಂದು ಮಾತು. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಬಚ್ಚಲಿನ ಹಂಡೆ ಒಲೆ ಉರಿಯುತ್ತದೆ. ಬಚ್ಚಲು ಸಣ್ಣದು, ಚಳಿಗೆ ಬಾಗಿಲು ಭದ್ರ, ಒಲೆ ಹಚ್ಚುವವರು ಎಪ್ಪತ್ತು ದಾಟಿದ ಅಪ್ಪ ಅಥವಾ ಅಮ್ಮ. ಮಕ್ಕಳು ಕೊಚ್ಚಿಯಲ್ಲೋ ಪುಣೆಯಲ್ಲೋ ದುಬೈಯಲ್ಲೋ. ‘ಒಲೆ ಯಾಕೋ ಸರಿಯಾಗಿ ಉರಿಯುತ್ತಿಲ್ಲ, ಹೊಗೆ ವಾಪಸ್ ಬರುತ್ತದೆ’ ಎಂದು ಫೋನಿನಲ್ಲಿ ಅವರು ಹೇಳಿದರೆ ಸೌದೆ ಹಸಿಯಿರಬೇಕು ಎಂದು ಮಾತು ಮುಗಿಸಬೇಡಿ. ಕೊಳವೆಯ ತುದಿಯ ಒಂದು ಫೋಟೊ ಕಳಿಸಲು ಪಕ್ಕದ ಮನೆಯ ಹುಡುಗನಿಗೆ ಹೇಳಿ. ಅದು ಬರಿತಲೆಯಲ್ಲಿದ್ದರೆ ಬ್ರಷ್ ಆಡಿಸಿ, ಅಳತೆ ತೆಗೆದು ಟೋಪಿ ಹಾಕಿಸಿ. ಅಲ್ಲಿಯವರೆಗೆ ಬಚ್ಚಲ ಬಾಗಿಲು ತೆರೆದಿಟ್ಟೇ ಒಲೆ ಹಚ್ಚಲು ಅವರಿಗೆ ತಿಳಿಸಿ.